‘ಈ ಪುಸ್ತಕ ಬ್ಯಾಡ್ರಿ’ ಅಂದ ದಿನ

ರಾತ್ರಿ ಮಲಗುವ ಮುಂಚೆ ಮಂಚದ ಕೆಳಗಿನ ಎರಡು ರಟ್ಟಿನ ಡಬ್ಬಗಳನ್ನು ಇನ್ನಷ್ಟು ಒಳಕ್ಕೆ ತಳ್ಳುವುದು ನನಗೆ ಅಭ್ಯಾಸವಾಗಿತ್ತು. ಪುಸ್ತಕಕ್ಕೆ ಕಾಲು ತಾಗಿಸಬಾರದಲ್ಲ, ಬಗ್ಗಿ ಕೈಯಿಂದಲೇ ತಳ್ಳುತ್ತಿದ್ದೆ. ಕಣ್ಣಿಗೆ ಬೀಳದಿದ್ದರೆ ಸಾಕಿತ್ತು. ಆ ಡಬ್ಬಗಳಲ್ಲಿದ್ದದ್ದು ಮಕ್ಕಳ ಕಥೆ ಪುಸ್ತಕಗಳು. ಒಟ್ಟು 140. ಮೂರು ವಾರದಲ್ಲಿ ಮಾರಾಟವಾಗಿದ್ದು ನಾಲ್ಕು. ಅದರಲ್ಲಿ ಎರಡನ್ನು ಕೊಂಡವರು ನನ್ನ ಚಿಕ್ಕಮ್ಮ, ಅದೂ ನನ್ನ ಮುಖ ನೋಡಿ.

ಹಾಕಿದ್ದ ದುಡ್ಡು 5,950 ರೂಪಾಯಿ. ವಿದ್ಯಾರ್ಥಿವೇತನದಲ್ಲಿ ಉಳಿಸಿ ಐದನೇ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಮತ್ತು ಪುಸ್ತಕದ ಖರ್ಚಿಗೆ ಅಂತ ಎತ್ತಿಟ್ಟಿದ್ದು. ‘ರಜೆ ಮುಗಿಯುವಷ್ಟರಲ್ಲಿ ದುಡ್ಡು ವಾಪಸ್ ಬರ್ತದೆ, ಮೇಲೆ ಎರಡು ಸಾವಿರ ಲಾಭ’ ಎಂದು ಮನೆಯಲ್ಲಿ ಎಕ್ಸೆಲ್ ಶೀಟ್ ತೋರಿಸಿದ್ದೆ. ಶೀಟ್‌ನಲ್ಲಿ ಎಲ್ಲ ಸರಿಯಾಗಿತ್ತು. ಒಂದು ಕಾಲಂ ಮಾತ್ರ ಬಿಟ್ಟುಹೋಗಿತ್ತು: ಬೇರೆಯವರ ಮನೆ ಬೆಲ್ ಒತ್ತುವ ಧೈರ್ಯ.

ಹೊಲಿಗೆ ಮಷೀನ್ ಪಕ್ಕದ ಓದುಗರು

ನಮ್ಮದು ದಾವಣಗೆರೆ. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಅಳತೆ ಕೊಡಲು, ಹುಕ್ಸ್ ಹಾಕಿಸಲು ಬರುವ ಹೆಂಗಸರ ಜೊತೆ ಮಕ್ಕಳೂ ಬರುತ್ತವೆ. ಬಂದ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಒಂದು ಸೂಜಿ ಡಬ್ಬಿ ಎಳೆದರೆ, ಇನ್ನೊಂದು ಮಷೀನ್ ಪೆಡಲ್ ಮೇಲೆ ಕಾಲಿಡುತ್ತದೆ. ಅವರನ್ನು ಸುಮ್ಮನಾಗಿಸಲು ನಾನು ಚಿಕ್ಕವಳಿದ್ದಾಗ ಓದಿದ ಹಳೆ ಕಥೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಮೂಲೆಯಲ್ಲಿ ಇಟ್ಟೆ. ಮಕ್ಕಳು ಅದರ ಸುತ್ತ ಕೂತರು. ಒಂದು ಮಗು ಮನೆಗೆ ಹೊರಟಾಗ ಪುಸ್ತಕ ಬಿಡದೆ ಅತ್ತಿತು. ಅದರ ತಾಯಿ ಕೇಳಿದರು, ‘ಇಂಥವು ಎಲ್ಲಿ ಸಿಗ್ತಾವವಾ? ಅಂಗಡಿಗೆ ಹೋದ್ರೆ ಬರೀ ಎಬಿಸಿಡಿ ಪುಸ್ತಕ ತೋರಿಸ್ತಾರೆ.’

ಐಡಿಯಾ ಹುಟ್ಟಿದ್ದು ಅಲ್ಲಿ. ಬಿ.ಇ. ನಾಲ್ಕನೇ ಸೆಮಿಸ್ಟರ್ ಮುಗಿದ ರಜೆ. ಮಕ್ಕಳ ಪುಸ್ತಕ ತರುವ ಪ್ರಕಾಶನಗಳ ಪಟ್ಟಿ ಮಾಡಿದೆ. ದೆಹಲಿಯ ನ್ಯಾಷನಲ್ ಬುಕ್ ಟ್ರಸ್ಟ್ 1957ರಿಂದ ಇದೆ. ಅದರ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಕನ್ನಡದ ಪುಸ್ತಕಗಳೂ ಇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಗಿದ್ದು, ಮಕ್ಕಳ ಪುಸ್ತಕವನ್ನೇ ಮಾಡುತ್ತದೆ. ನವಕರ್ನಾಟಕದಂಥ ನಮ್ಮ ಪ್ರಕಾಶನಗಳೂ ಇವೆ. ಪುಸ್ತಕ ವ್ಯಾಪಾರದಲ್ಲಿ ಒಟ್ಟಿಗೆ ಕೊಳ್ಳುವವರಿಗೆ ಮುದ್ರಿತ ಬೆಲೆಯಲ್ಲಿ ರಿಯಾಯಿತಿ ಇರುತ್ತದೆ. ನನಗೆ ಸರಾಸರಿ ಶೇ 30 ಸಿಕ್ಕಿತು. 8,500 ರೂಪಾಯಿ ಬೆಲೆಯ ಪುಸ್ತಕ 5,950ಕ್ಕೆ ಮನೆಗೆ ಬಂತು. ಇನ್ನೊಂದು ಅನುಕೂಲ, ಮುದ್ರಿತ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ. ಮಕ್ಕಳ ಚಿತ್ರ ಪುಸ್ತಕ, ಬಣ್ಣ ತುಂಬುವ ಪುಸ್ತಕಕ್ಕೂ ಇಲ್ಲ. ಹಾಗಾಗಿ ಪುಸ್ತಕದ ಮೇಲೆ ತೆರಿಗೆ ಸೇರಿಸುವ ತಲೆನೋವಿಲ್ಲ.

ಬಂಡವಾಳ ಆಯಿತು, ಸರಕೂ ಬಂತು. ಮಾರಲು ಹೊರಟಾಗ ನಾಲಿಗೆ ಬರಲಿಲ್ಲ.

‘ಬೇಡ’ವನ್ನು ನಾನೇ ಕೊಟ್ಟು ಬರುತ್ತಿದ್ದೆ

ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಪುಸ್ತಕಗಳ ಫೋಟೊ ಹಾಕಿದೆ. ಹತ್ತು ನಿಮಿಷದಲ್ಲಿ ಕ್ಲಾಸಿನ ಹುಡುಗರು ನೋಡಿದ್ದು ಕಾಣಿಸಿತು, ತೆಗೆದುಬಿಟ್ಟೆ. ಮರುದಿನ ಅದೇ ಫೋಟೊವನ್ನು ಕ್ಲಾಸಿನವರಿಗೆ ಕಾಣದಂತೆ ಮಾಡಿ ಹಾಕಿದೆ. ಮದುವೆಯೊಂದರಲ್ಲಿ ಸಿಕ್ಕ ಸಂಬಂಧಿಕರು, ‘ಎಂಜಿನಿಯರಿಂಗ್ ಓದೋ ಹುಡುಗಿ ಮನೆ ಮನೆಗೆ ಪುಸ್ತಕ ಮಾರಾಕ ಹೊಂಟಾಳಂತೆ’ ಎಂದು ನಕ್ಕರು. ಜೋರಾಗಿಯೇನೂ ನಗಲಿಲ್ಲ. ಆದರೂ ಆ ನಗು ಒಂದು ವಾರ ನನ್ನನ್ನು ಮನೆಯಲ್ಲೇ ಕೂರಿಸಿತು.

ಧೈರ್ಯ ಮಾಡಿ ಹೋದ ಕಡೆಗಳಲ್ಲಿ ನಾನು ಆಡುತ್ತಿದ್ದ ಮೊದಲ ಮಾತು ಹೀಗಿರುತ್ತಿತ್ತು: ‘ಆಂಟಿ, ತಗೊಳ್ಳಲೇಬೇಕು ಅಂತೇನಿಲ್ಲ, ಸುಮ್ನೆ ತೋರಿಸ್ತೀನಿ, ಬೇಡ ಅಂದ್ರೂ ಪರವಾಗಿಲ್ಲ.’ ಈಗ ಯೋಚಿಸಿದರೆ ನಗು ಬರುತ್ತದೆ. ಅವರು ಬಾಯಿ ತೆರೆಯುವ ಮುಂಚೆಯೇ ‘ಬೇಡ’ ಎಂಬ ಉತ್ತರವನ್ನು ನಾನೇ ಅವರ ಕೈಗೆ ಕೊಡುತ್ತಿದ್ದೆ. ಅವರು ಅದನ್ನೇ ವಾಪಸ್ ಕೊಡುತ್ತಿದ್ದರು. ಯೂಟ್ಯೂಬ್‌ನಲ್ಲಿ ಆತ್ಮವಿಶ್ವಾಸದ ವಿಡಿಯೊ ನೋಡಿದೆ. ಭುಜ ನೆಟ್ಟಗಿಡಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಎಂದರು. ಕನ್ನಡಿ ಮುಂದೆ ಅಭ್ಯಾಸ ಮಾಡಿ ಹೋದೆ. ಎದುರು ಮನೆಯವರು ‘ಈ ಕಥೆಯೊಳಗೆ ಏನೈತೆ?’ ಎಂದು ಕೇಳಿದರು. ನನ್ನ ಭುಜ ನೆಟ್ಟಗಿತ್ತು, ಉತ್ತರ ಇರಲಿಲ್ಲ. ಆ ಪುಸ್ತಕವನ್ನು ನಾನು ಓದಿಯೇ ಇರಲಿಲ್ಲ!

ವಾಪಸ್ ಬಂದ ಪುಸ್ತಕ

ಮಾರಿದ ನಾಲ್ಕರಲ್ಲಿ ಒಂದು ಗ್ರಹ, ನಕ್ಷತ್ರಗಳ ಬಗ್ಗೆ ಇದ್ದ ದಪ್ಪ ಪುಸ್ತಕ. ಬೆಲೆ 220 ರೂಪಾಯಿ, ನನ್ನ ಡಬ್ಬದಲ್ಲಿ ಎಲ್ಲಕ್ಕಿಂತ ದುಬಾರಿ. ಅಮ್ಮನ ಬಳಿ ಬರುವ ಗಿರಾಕಿಯೊಬ್ಬರು ಒಂದನೇ ಕ್ಲಾಸಿನ ಮಗನಿಗೆ ಕೊಂಡರು. ‘ಜನರಲ್ ನಾಲೆಜ್ ಬರ್ತೈತಲ್ಲವಾ?’ ಎಂದು ಕೇಳಿದರು. ‘ಹೌದು ಆಂಟಿ, ತುಂಬಾ ಚೆನ್ನಾಗಿದೆ’ ಎಂದೆ. ದೊಡ್ಡ ಮಾರಾಟ ಎಂದು ಅವತ್ತು ಖುಷಿಯಲ್ಲಿ ಮಂಡಕ್ಕಿ ಮಿರ್ಚಿ ತಂದು ಮನೆಯವರಿಗೆಲ್ಲ ಕೊಡಿಸಿದ್ದೆ.

ಎಂಟು ದಿನಕ್ಕೆ ಅವರು ಪುಸ್ತಕ ಹಿಡಿದುಕೊಂಡು ಬಂದರು. ಜಗಳಕ್ಕೇನೂ ಬಂದಿರಲಿಲ್ಲ. ‘ಬೇಜಾರು ಮಾಡ್ಕೋಬೇಡವಾ. ಒಂದು ಪುಟನೂ ತಿರುವಲಿಲ್ಲ ನನ್ನ ಮಗ. ನನಗೂ ಓದಿ ಹೇಳಾಕ ಆಗಲಿಲ್ಲ. ನಮ್ಮ ಮನೆಯವರು ಬೈದ್ರು’ ಎಂದರು. ನಾನು ಪುಸ್ತಕ ತೆರೆದು ನೋಡಿದೆ. ಪುಟದ ತುಂಬ ಸಣ್ಣ ಅಕ್ಷರ, ಒಂದೊಂದು ವಾಕ್ಯ ನಾಲ್ಕು ಸಾಲು. ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿಯುತ್ತಿರುವ ಹುಡುಗನಿಗೆ ಅದನ್ನು ಕೊಟ್ಟವಳು ನಾನು. ಮೊದಲ ಬಾರಿಗೆ ಪುಸ್ತಕ ಕೊಂಡ ಒಂದು ಮನೆಗೆ, ಪುಸ್ತಕವೆಂದರೆ ದುಡ್ಡು ದಂಡ ಎಂದು ಕಲಿಸಿಕೊಟ್ಟವಳೂ ನಾನೇ.

220 ರೂಪಾಯಿ ಮರಳಿಸಿದೆ. ಅವರು ಹೋದ ಮೇಲೆ ಅಳು ಬಂತು. ಅಮ್ಮ ಮಷೀನ್ ನಿಲ್ಲಿಸಲಿಲ್ಲ. ಹೊಲಿಯುತ್ತಲೇ ಒಂದು ಮಾತು ಕೇಳಿದರು: ‘ನೀ ಆ ಹುಡುಗನ್ನ ಒಂದ್ಸಲನಾದ್ರೂ ಮಾತಾಡಿಸಿದ್ಯಾ?’

ಇರಲಿಲ್ಲ. ನಾನು ತಾಯಿಯ ಪರ್ಸ್ ನೋಡಿದ್ದೆ, ಮಗುವನ್ನು ನೋಡಿರಲಿಲ್ಲ.

ಅಮ್ಮ ಮಾಡುತ್ತಿದ್ದದ್ದೇ ಅದು

ಆ ಸಂಜೆ ನಾನು ಡಬ್ಬದ ಪಕ್ಕ ಕೂತು ಅಮ್ಮನ ಕೆಲಸ ಗಮನಿಸಿದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದರೂ ಆವತ್ತೇ ಕಣ್ಣಿಗೆ ಬಿದ್ದಿದ್ದು. ಒಬ್ಬರು ತೆಳು ಬಟ್ಟೆ ತಂದು ಮೊಬೈಲ್‌ನಲ್ಲಿದ್ದ ಡಿಸೈನ್ ತೋರಿಸಿದರು. ಅಮ್ಮ ಬಟ್ಟೆಯನ್ನು ಬೆರಳಲ್ಲಿ ಎಳೆದು ನೋಡಿ, ‘ಈ ಬಟ್ಟೆಗೆ ಆ ಡಿಸೈನ್ ಬ್ಯಾಡ್ರಿ. ಎರಡು ಸಲ ತೊಳೆದ್ರೆ ಎಳೆ ಬಿಡ್ತೈತೆ. ಸಾದಾ ಹೊಲಿಸ್ರಿ’ ಎಂದರು. ಡಿಸೈನ್ ರವಿಕೆಗೆ ಕೂಲಿ ಹೆಚ್ಚು. ಆ ಹೆಚ್ಚಿನ ಕೂಲಿಯನ್ನು ಅಮ್ಮ ತಾನೇ ಬಿಟ್ಟುಕೊಟ್ಟರು. ಬಂದವರು ಮರುಮಾತಿಲ್ಲದೆ ಒಪ್ಪಿ, ಇನ್ನೂ ಎರಡು ಬಟ್ಟೆ ಕೊಟ್ಟು ಹೋದರು.

ಅಮ್ಮ ಓದಿದ್ದು ಏಳನೇ ಕ್ಲಾಸು. ಭುಜ ನೆಟ್ಟಗಿಡುವ ವಿಡಿಯೊ ನೋಡಿದವರಲ್ಲ. ಆದರೆ ಯಾರ ಮುಂದೆಯೂ ಅವರ ಮಾತು ತಡವರಿಸುವುದಿಲ್ಲ. ಯಾಕೆಂದರೆ ಬಟ್ಟೆ ಅವರಿಗೆ ಗೊತ್ತು, ಮೈ ಅಳತೆ ಗೊತ್ತು, ಯಾವುದು ಯಾರಿಗೆ ಒಪ್ಪುವುದಿಲ್ಲ ಎಂಬುದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತು. ನನ್ನ ತೊಂದರೆ ನಾಚಿಕೆಯಲ್ಲ ಎಂದು ಆಗ ಅನಿಸಿತು. ನನ್ನ ಸರಕು ನನಗೇ ಗೊತ್ತಿರಲಿಲ್ಲ, ನಾಚಿಕೆ ಅದರ ಮೇಲೆ ಹೊದಿಸಿದ ಬಟ್ಟೆಯಷ್ಟೇ.

ಮುಂದಿನ ಹತ್ತು ದಿನ ಒಂದೂ ಪುಸ್ತಕ ಮಾರಲಿಲ್ಲ. ಓದಿದೆ. 140 ಪ್ರತಿಗಳಲ್ಲಿ ಇದ್ದದ್ದು 34 ಬೇರೆ ಬೇರೆ ಪುಸ್ತಕ. ಒಂದೊಂದನ್ನೂ ಗಟ್ಟಿಯಾಗಿ ಓದಿದೆ, ಅದೂ ಮಷೀನ್ ಪಕ್ಕ ಕೂರುವ ಮಕ್ಕಳಿಗೆ. ಲ್ಯಾಬ್ ರೆಕಾರ್ಡ್‌ಗೆ ಅಂತ ತಂದಿದ್ದ ನೋಟ್‌ಬುಕ್‌ನಲ್ಲಿ ಪ್ರತಿ ಪುಸ್ತಕಕ್ಕೂ ನಾಲ್ಕು ಸಾಲು ಬರೆದೆ: ಕಥೆ ಏನು, ಓದಲು ಎಷ್ಟು ನಿಮಿಷ, ಮಕ್ಕಳು ಯಾವ ಪುಟದಲ್ಲಿ ನಕ್ಕರು, ಇದು ಯಾರಿಗೆ ಬೇಡ. ನಾಲ್ಕನೇ ಸಾಲೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಆಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಪ್ರಥಮ್ ಬುಕ್ಸ್‌ನ ಪುಸ್ತಕಗಳ ಹಿಂಬದಿಯಲ್ಲಿ 1ರಿಂದ 4ರವರೆಗೆ ಓದಿನ ಹಂತ ಹಾಕಿರುತ್ತಾರೆ. ಮೊದಲ ಹಂತ ಈಗಷ್ಟೇ ಓದಲು ತೊಡಗಿದವರಿಗೆ, ಕೊನೆಯದು ತಾವಾಗಿಯೇ ಸಲೀಸಾಗಿ ಓದುವವರಿಗೆ. ಮೂರು ವಾರ ಆ ಪುಸ್ತಕ ಹಿಡಿದು ಓಡಾಡಿದ್ದೆ, ತಿರುಗಿಸಿ ನೋಡಿರಲಿಲ್ಲ! ಮಗುವಿನ ವಯಸ್ಸಿಗಿಂತ ಓದುವ ಶಕ್ತಿ ಮುಖ್ಯ. ಇಂಗ್ಲಿಷ್ ಮೀಡಿಯಂನ ನಾಲ್ಕನೇ ಕ್ಲಾಸಿನ ಹುಡುಗಿಗೆ ಕನ್ನಡದಲ್ಲಿ ಒಂದನೇ ಹಂತವೇ ಬೇಕಾಗಬಹುದು. ಅದನ್ನು ಮಗುವಿಗೆ ಅವಮಾನವಾಗದಂತೆ ಹೇಳುವುದನ್ನೂ ಕಲಿಯಬೇಕಾಯಿತು. ‘ಇದು ಚಿಕ್ಕವರದು’ ಎನ್ನದೆ, ‘ಇದನ್ನ ನಿನ್ನ ತಮ್ಮನಿಗೆ ನೀನು ಓದಿ ಹೇಳ್ತೀಯಾ?’ ಎಂದು ಕೇಳಿದರೆ ಮಗು ತಾನೇ ಕೈ ಚಾಚುತ್ತದೆ.

ಹತ್ತು ಪರ್ಸೆಂಟಿನ ಲೆಕ್ಕ

ಮತ್ತೆ ಹೊರಟಾಗ ಮೊದಲ ಮಾತು ಬದಲಾಗಿತ್ತು. ‘ಪಾಪು ಎಷ್ಟನೇ ಕ್ಲಾಸು? ಮನೆಯಲ್ಲಿ ಯಾರು ಕಥೆ ಹೇಳ್ತಾರೆ?’ ಎಂದು ಕೇಳುತ್ತಿದ್ದೆ. ಚೀಲದಿಂದ ಇಡೀ ರಾಶಿ ಸುರಿಯುವುದನ್ನು ಬಿಟ್ಟು ಮೂರೇ ಪುಸ್ತಕ ತೆಗೆಯುತ್ತಿದ್ದೆ. ಒಂದರ ಎರಡು ಪುಟವನ್ನು ಮಗುವಿಗೆ ಓದಿ, ಪುಸ್ತಕವನ್ನು ಅದರ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದೆ. ಈ ಸುಮ್ಮನಿರುವುದು ಕಷ್ಟದ ಕೆಲಸ. ಮೌನ ಬಂದ ಕೂಡಲೇ ‘ಬೇಕಾದ್ರೆ ಕಡಿಮೆ ಮಾಡಿ ಕೊಡ್ತೀನಿ’ ಎಂದು ಬಾಯಿ ತುರಿಸುತ್ತದೆ.

ಬೆಲೆಯ ವಿಷಯದಲ್ಲಿ ನನ್ನ ಕೈ ಹಿಡಿದಿದ್ದು ಲೆಕ್ಕ. 60 ರೂಪಾಯಿ ಪುಸ್ತಕ ನನಗೆ ಬೀಳುವುದು 42ಕ್ಕೆ. ಉಳಿಯುವುದು 18. ‘ಹತ್ತು ಪರ್ಸೆಂಟ್ ಬಿಡು’ ಎಂದರೆ 6 ರೂಪಾಯಿ. ಕೇಳುವವರಿಗೆ ಅದು ಹತ್ತರಲ್ಲಿ ಒಂದು ಭಾಗ, ನನಗೆ ಲಾಭದ ಮೂರರಲ್ಲಿ ಒಂದು ಭಾಗ. ಆಟೊ ಖರ್ಚು ಅದರಲ್ಲೇ ಹೋಗಬೇಕು. ಈ ಲೆಕ್ಕ ಕಾಗದದ ಮೇಲೆ ಬರೆದುಕೊಂಡ ಮೇಲೆ ‘ಒಂದಕ್ಕೆ ಬಿಡಕ್ಕಾಗಲ್ಲ ಆಂಟಿ, ಐದು ತಗೊಂಡ್ರೆ ಮಾತ್ರ ಕಡಿಮೆ ಮಾಡ್ತೀನಿ’ ಎಂದು ನಗುತ್ತಲೇ ಹೇಳಲು ಬಂತು. ಯಾಕೆ ಎಂದು ನಮಗೇ ಗೊತ್ತಿರುವ ‘ಇಲ್ಲ’ವನ್ನು ಹೇಳುವಾಗ ಧ್ವನಿ ನಡುಗುವುದಿಲ್ಲ.

ಸಿಕ್ಕ ‘ಬೇಡ’ಗಳನ್ನೂ ಬರೆದಿಟ್ಟೆ. ಕೋಡ್ ಓಡದಿದ್ದರೆ ನಾವು ಅಳುತ್ತಾ ಕೂರುವುದಿಲ್ಲವಲ್ಲ, ಎರರ್ ಯಾವ ಸಾಲಿನಲ್ಲಿದೆ ಎಂದು ಓದುತ್ತೇವೆ. ಹಾಗೆಯೇ ಪ್ರತಿ ‘ಬೇಡ’ದ ಮುಂದೆ ಕಾರಣ ಬರೆದೆ. ‘ಮಗು ಓದಲ್ಲ’, ‘ಮೊಬೈಲ್‌ನಲ್ಲೇ ಕಥೆ ನೋಡ್ತಾನೆ’, ‘ಇಂಗ್ಲಿಷ್ ಬೇಕಿತ್ತು’, ‘ತಿಂಗಳ ಕೊನೆ’. ಪಟ್ಟಿಯಲ್ಲಿ ಎಲ್ಲಿಯೂ ‘ನೀನು ಸರಿಯಿಲ್ಲ’ ಎಂಬ ಕಾರಣ ಇರಲಿಲ್ಲ. ಅಷ್ಟು ದಿನ ಪ್ರತಿ ‘ಬೇಡ’ವನ್ನೂ ನಾನು ಹಾಗೆಯೇ ಕೇಳಿಸಿಕೊಂಡಿದ್ದೆ. ‘ತಿಂಗಳ ಕೊನೆ’ ಎಂದವರ ಮನೆಗೆ ಮುಂದಿನ ತಿಂಗಳ ಮೊದಲ ವಾರ ಹೋದೆ. ಅರ್ಧದಷ್ಟು ಜನ ಕೊಂಡರು.

ಪುಕ್ಕಟೆ ಕಥೆ ಹೇಳಿಕೊಟ್ಟೆ

ನಿಟುವಳ್ಳಿಯ ಒಂದು ಮನೆಯಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ ಇದ್ದರು. ಮಗು ಪುಸ್ತಕ ಬಿಡುತ್ತಿಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ನೋಡಿ, ಮತ್ತೆ ಕಟ್ಟಿದರು. ‘ಮಗ ಬಂದ ಮೇಲೆ ಕೇಳ್ತೀನವಾ’ ಎಂದರು. ದುಡ್ಡಿಲ್ಲ ಎಂದು ತಿಳಿಯಿತು. ಅವರ ಬಳಿ ಸ್ಮಾರ್ಟ್‌ಫೋನ್ ಇತ್ತು. ‘ಅಜ್ಜಿ, ಪುಸ್ತಕ ಇರಲಿ. ಇದರಲ್ಲೇ ಪುಕ್ಕಟೆ ಕಥೆ ಸಿಗ್ತಾವೆ’ ಎಂದು ಸ್ಟೋರಿವೀವರ್ ತೆರೆದುಕೊಟ್ಟೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ ಅದು. ಕನ್ನಡದ ಕಥೆಗಳೂ ಇವೆ, ಓದಲು ದುಡ್ಡು ಕೊಡಬೇಕಿಲ್ಲ.

ಗೆಳತಿ ಬೈದಳು, ‘ಪುಕ್ಕಟೆ ಸಿಗ್ತದೆ ಅಂತ ಮಾರೋಳೇ ಹೇಳಿದ್ರೆ ಯಾರು ಕೊಂಡ್ಕೊಳ್ತಾರೆ?’ ನನಗೂ ಅಳುಕಿತ್ತು. ಹದಿನೈದು ದಿನದ ನಂತರ ಆ ಮಗುವಿನ ಅಪ್ಪನಿಂದ ಫೋನ್ ಬಂತು. ಅಜ್ಜಿಗೆ ಮೊಬೈಲ್‌ನ ಅಕ್ಷರ ಸಣ್ಣದಾಗುತ್ತದಂತೆ, ಮಗು ದಿನಾ ಕಥೆ ಕೇಳುತ್ತದಂತೆ. ಐದು ಪುಸ್ತಕ ಕೊಂಡರು. ಜೊತೆಗೆ ಅವರ ಬೀದಿಯ ಇನ್ನೂ ಎರಡು ಮನೆಯ ನಂಬರ್ ಕೊಟ್ಟರು. ಎಲ್ಲ ಕಡೆಯೂ ಹೀಗೆ ಆಗುತ್ತದೆ ಎಂದು ನಾನು ಹೇಳುವುದಿಲ್ಲ, ಪುಕ್ಕಟೆ ಓದಿ ಸುಮ್ಮನಾದವರೂ ಇದ್ದಾರೆ. ಆದರೆ ಆ ಮನೆಗಳ ಮುಂದೆ ಹಾದುಹೋಗುವಾಗ ನಾನು ತಲೆ ತಗ್ಗಿಸಬೇಕಿಲ್ಲ.

ಗ್ರಹಗಳ ಪುಸ್ತಕ ವಾಪಸ್ ಕೊಟ್ಟ ಆಂಟಿ ಶ್ರಾವಣದಲ್ಲಿ ರವಿಕೆ ಹೊಲಿಸಲು ಬಂದರು, ಜೊತೆಗೆ ಮಗನೂ ಇದ್ದ. ನಾನು ಅವನ ಪಕ್ಕ ಕೂತು ಓದಿಸಿದೆ. ಅವನೇ ಒಂದು ದಪ್ಪ ಪುಸ್ತಕಕ್ಕೆ ಕೈ ಹಾಕಿದ, ತಾಯಿ ಪರ್ಸ್ ತೆಗೆದರು. ‘ಈ ಪುಸ್ತಕ ಬ್ಯಾಡ್ರಿ. ಇನ್ನೊಂದು ವರ್ಷ ಹೋಗಲಿ’ ಎಂದೆ. ನನ್ನ ಬಾಯಲ್ಲಿ ಅಮ್ಮನ ಮಾತು ಬಂದಿತ್ತು. ಅಮ್ಮ ತಲೆ ಎತ್ತಿ ನೋಡಿ ಮತ್ತೆ ಹೊಲಿಗೆಗೆ ಬಗ್ಗಿದರು. ಪುಟಕ್ಕೆ ಒಂದೇ ಸಾಲು ಇರುವ 45 ರೂಪಾಯಿಯ ಪುಸ್ತಕ ಕೊಟ್ಟೆ. ಹುಡುಗ ಅದನ್ನು ಅಲ್ಲೇ ಕೂತು, ಅಕ್ಷರಕ್ಕೆ ಬೆರಳಿಟ್ಟು, ಕೊನೆಯ ಪುಟದವರೆಗೆ ಓದಿದ. ಅದು ಅವತ್ತಿನ ಒಂದೇ ಮಾರಾಟ.

ಹೊತ್ತು ಮಾರಿದವರು

ಮದುವೆ ಮನೆಯ ಆ ನಗು ಪೂರ್ತಿ ಮರೆತಿರಲಿಲ್ಲ. ಅದಕ್ಕೆ ಉತ್ತರ ಪಕ್ಕದ ಹಾವೇರಿ ಜಿಲ್ಲೆಯಿಂದ ಸಿಕ್ಕಿತು. ಕನ್ನಡದ ಆರಂಭದ ಕಾದಂಬರಿಕಾರರಲ್ಲಿ ದೊಡ್ಡ ಹೆಸರಾದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದವರು. ಕನ್ನಡ ಮೇಷ್ಟ್ರು ಪಿಯುಸಿಯಲ್ಲಿ ಹೇಳಿದ್ದು ಆಗ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಚೀಲ ಹೆಗಲಿಗೇರಿಸಿದ ಮೇಲೆ ಇಳಿಯಿತು. ಬರೆದವರಿಗೇ ಇಲ್ಲದ ಸಂಕೋಚ ಮಾರುವ ನನಗೇಕೆ? ಆ ವಾರ ಸ್ಟೇಟಸ್ ಹಾಕಿದೆ, ಯಾರನ್ನೂ ಮರೆಮಾಡಲಿಲ್ಲ. ಕ್ಲಾಸಿನ ಹುಡುಗನೊಬ್ಬ ಅಕ್ಕನ ಮಗುವಿಗೆ ಎಂದು ಎರಡು ಪುಸ್ತಕ ಕೇಳಿದ.

ಊರ ಹೊರಗಿನಿಂದಲೂ ಬೇಡಿಕೆ ಬಂದಾಗ ಅಂಚೆ ಕಚೇರಿಗೆ ಹೋದೆ. ಪುಸ್ತಕಗಳಿಗೆಂದೇ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಇದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ತೆಳುವಾದ ಮಕ್ಕಳ ಪುಸ್ತಕ ಒಂದನ್ನೇ ಕಳಿಸಿದರೆ ಅಂಚೆ ಖರ್ಚೇ ಲಾಭ ತಿನ್ನುತ್ತದೆ. ಮೂರು ನಾಲ್ಕು ಸೇರಿಸಿ ಕಳಿಸಿದರೆ ಗಿಟ್ಟುತ್ತದೆ.

ದಸರಾ ಹೊತ್ತಿಗೆ 96 ಪುಸ್ತಕ ಮಾರಿದ್ದೆ. ಹಾಕಿದ ದುಡ್ಡಿಗೆ ಇನ್ನೂ 400 ರೂಪಾಯಿ ಕಡಿಮೆ ಇತ್ತು, ಅಮ್ಮ ಕೊಟ್ಟರು. ಪರೀಕ್ಷಾ ಶುಲ್ಕವನ್ನು ಕಡೆಯ ದಿನಕ್ಕೆ ಎರಡು ದಿನ ಇರುವಾಗ ಕಟ್ಟಿದೆ. ಎಕ್ಸೆಲ್ ಶೀಟ್‌ನ ಎರಡು ಸಾವಿರ ಲಾಭ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಹಾಗಾಗಿ ನಿಮ್ಮಲ್ಲಿ ಯಾರಾದರೂ ಮನೆಯಿಂದ ಏನನ್ನಾದರೂ ಮಾರಲು ಹೊರಟಿದ್ದರೆ ನನ್ನ ಮಾತು ಇಷ್ಟೇ: ಶುಲ್ಕದ ದುಡ್ಡನ್ನು ಹಾಕಬೇಡಿ, ಸಾವಿರದೊಳಗೆ ಶುರು ಮಾಡಿ. ಮಾರುವ ಮುಂಚೆ ನಿಮ್ಮ ಸರಕನ್ನು ನೀವೇ ಬಳಸಿ ನೋಡಿ. ಅದು ಯಾರಿಗೆ ಬೇಡ ಎಂದು ಮೊದಲು ಬರೆದುಕೊಳ್ಳಿ.

ಬೆಲ್ ಒತ್ತುವಾಗ ನನ್ನ ಎದೆ ಈಗಲೂ ಹೊಡೆದುಕೊಳ್ಳುತ್ತದೆ. ಒಳಗಿನಿಂದ ಹೆಜ್ಜೆ ಸದ್ದು ಕೇಳಿದಾಗ ಓಡಿಹೋಗೋಣ ಅನಿಸುತ್ತದೆ. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಒಂದು ಪುಟ್ಟ ಮುಖ ಇಣುಕಿ, ‘ಅಮ್ಮಾ, ಕಥೆ ಅಕ್ಕ ಬಂದಾಳೆ’ ಎಂದು ಕೂಗುತ್ತದೆ. ಮಂಚದ ಕೆಳಗಿದ್ದ ಡಬ್ಬಗಳು ಈಗ ಹೊಲಿಗೆ ಮಷೀನ್ ಪಕ್ಕದಲ್ಲಿ, ಬಾಯಿ ತೆರೆದುಕೊಂಡು ಕೂತಿವೆ.